ಮೂರು ಕ್ಷೇತ್ರ, ನಾಲ್ಕು ಹೆಸರು: 2028ರ ಟಿಕೆಟ್ ನಕ್ಷೆ ಎಲ್ಲಿಗೆ ಬಂತು

ಮೊಳಕಾಲ್ಮುರು, ಕೂಡ್ಲಿಗಿ, ಬಳ್ಳಾರಿ ಗ್ರಾಮಾಂತರ. ಈ ಮೂರು ಕ್ಷೇತ್ರಗಳ ಗಂಟು ಕೊನೆಗೂ ಸಡಿಲವಾಯಿತು. ಒಂದು ಎಳೆ ಇನ್ನೂ ಸಿಕ್ಕಿಕೊಂಡಿದೆ, ಅದನ್ನೂ ಹೇಳುತ್ತೇನೆ. ಆದರೆ ಇಷ್ಟು ಬಿಚ್ಚಿದ್ದೇ ನನಗೆ ಹಬ್ಬ.

ಹೊಸಬರಿಗೆ ಎರಡು ಮಾತು. 2028ರಲ್ಲಿ ನಮ್ಮ 224 ಕ್ಷೇತ್ರಗಳಲ್ಲಿ ಯಾವ ಪಕ್ಷದ ಬಿ ಫಾರಂ, ಅಂದರೆ ಪಕ್ಷದ ಅಧಿಕೃತ ಟಿಕೆಟ್ ಪತ್ರ, ಯಾರ ಕೈಗೆ ಬರಬಹುದು ಅಂತ ಈಗಲೇ ಊಹಿಸುವುದು ಈ ಕೆಲಸ. ಯಾರು ಗೆಲ್ಲುತ್ತಾರೆ ಅನ್ನುವುದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಗೆಲುವಿನ ಲೆಕ್ಕ ಹಾಕುವವರು ಊರಿಗೆ ಹತ್ತು ಜನ ಇದ್ದಾರೆ. ಕಣಕ್ಕೆ ಇಳಿಯುವವರು ಯಾರು ಅನ್ನುವುದೇ ಅದಕ್ಕಿಂತ ಕಷ್ಟದ, ಅದಕ್ಕಿಂತ ರುಚಿಯಾದ ಪ್ರಶ್ನೆ ಅಂತ ನನ್ನ ನಂಬಿಕೆ. ಗಡಿಗಳು 2008ರವೇ ಇರುತ್ತವೆ ಅಂತ ಹಿಡಿದು ಮುಂದೆ ಹೋಗಿದ್ದೇನೆ. ಮರುವಿಂಗಡಣೆ ಆದರೆ ನಕ್ಷೆಯನ್ನೇ ಹೊಸದಾಗಿ ಬರೆಯಬೇಕು, ಬರೆಯೋಣ.

ಫಲಿತಾಂಶದ ಪಟ್ಟಿ ಇಳಿಸುವುದು, ಅದರ ಅಕ್ಷರಗಳನ್ನು ನುಡಿ ತಂತ್ರಾಂಶದಿಂದ ಯೂನಿಕೋಡ್‌ಗೆ ತರುವುದು, ಹೆಸರು ಹೊಂದಿಸುವುದು ನಿಮಗೆಲ್ಲ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಒಂದೇ ಎಚ್ಚರಿಕೆ: ಮಂಜು ಹೆಸರಿನವರಿಗೆ ಪ್ರತ್ಯೇಕ ಹಾಳೆ ಇಡಿ. ಅರಕಲಗೂಡಿನ ಎ. ಮಂಜು ಬೇರೆ, ಮಾಗಡಿಯ ಎ. ಮಂಜುನಾಥ್ ಬೇರೆ, ಸಕಲೇಶಪುರದ ಸಿಮೆಂಟ್ ಮಂಜು ದಾಖಲೆಯಲ್ಲಿ ಎಸ್. ಮಂಜುನಾಥ್. ಕಂಪ್ಯೂಟರಿಗೆ ಬಿಟ್ಟರೆ ಮೂವರನ್ನೂ ಒಬ್ಬರೇ ಮಾಡಿ ಕೂರಿಸುತ್ತದೆ. 2019ರ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಜೊತೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು ಅನ್ನುವುದು ನೆನಪಿದೆ ಅಲ್ವಾ? ಇಂಗ್ಲಿಷ್ ಪಟ್ಟಿ ಇಟ್ಟುಕೊಂಡವರಿಗೆ ಯಡಿಯೂರಪ್ಪನವರ ಕಾಗುಣಿತವೂ ಒಂದು ತಲೆನೋವು. 2007ರಲ್ಲಿ ಬದಲಾಗಿ, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂತು. ಕನ್ನಡದಲ್ಲಿ ಇಟ್ಟುಕೊಂಡರೆ ಆ ಕಾಟ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ.

ನಾವೆಲ್ಲ ಶೀಟು ಮಾಡುವುದು ಒಂದೇ ರೀತಿ. ಒಂದು ಕ್ಷೇತ್ರಕ್ಕೆ ಒಂದು ಸಾಲು. ಪಕ್ಕದಲ್ಲಿ 2008, 2013, 2018, 2023ರ ಅಭ್ಯರ್ಥಿಗಳು. ಕೊನೆಯಲ್ಲಿ 2028ರ ಊಹೆ. ಬಹಳಷ್ಟು ಕ್ಷೇತ್ರಗಳಿಗೆ ಇದು ಸಾಕು. ಚಳ್ಳಕೆರೆಯಲ್ಲಿ ಟಿ. ರಘುಮೂರ್ತಿ 2013, 2018, 2023 ಮೂರೂ ಸಲ ಕಾಂಗ್ರೆಸ್‌ನಿಂದಲೇ ಗೆದ್ದರು. ಸಾಲು ಓದಿದರೆ ಊಹೆ ತಾನಾಗೇ ಬರುತ್ತದೆ. ಮನುಷ್ಯ ಅಲ್ಲೇ, ಚಿಹ್ನೆ ಬೇರೆ ಅನ್ನುವ ಜಾತಿಯೂ ಇದರಲ್ಲಿ ಹಿಡಿಸುತ್ತದೆ. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿದ ಲಕ್ಷ್ಮಣ ಸವದಿ ಅಥಣಿಯಲ್ಲೇ ನಿಂತು ಗೆದ್ದರು. ಜಗದೀಶ ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲೇ ನಿಂತು ಸೋತರು. ಚನ್ನಪಟ್ಟಣದ ಸಿ.ಪಿ. ಯೋಗೇಶ್ವರ್ ಅಂತೂ ಪಕ್ಷೇತರ, ಕಾಂಗ್ರೆಸ್, ಬಿಜೆಪಿ, ಸಮಾಜವಾದಿ ಪಕ್ಷ ಎಲ್ಲದರಿಂದಲೂ ಅದೇ ಕ್ಷೇತ್ರದಲ್ಲಿ ಗೆದ್ದವರು. ಇವರಿಗೆಲ್ಲ ಒಂದು ಸಾಲು ಸಾಕು.

ಕೈಕೊಡುವುದು ಹೆಸರು ಗಟ್ಟಿ ಇದ್ದು ಕ್ಷೇತ್ರ ತೇಲುವವರ ವಿಷಯದಲ್ಲಿ. ಅದರಲ್ಲೂ ನನ್ನ ಜೀವ ತಿಂದಿದ್ದು ಮೇಲೆ ಹೇಳಿದ ಮೂರು ಕ್ಷೇತ್ರ. ನಿಧಾನವಾಗಿ ಓದಿ.

ಬಳ್ಳಾರಿ ಗ್ರಾಮಾಂತರದಲ್ಲಿ 2008ರಲ್ಲಿ ಬಿ. ಶ್ರೀರಾಮುಲು ಗೆದ್ದರು. ಬಿಜೆಪಿ ಬಿಟ್ಟು 2011ರ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದರು. 2013ರಲ್ಲಿ ತಮ್ಮದೇ ಪಕ್ಷವಾದ ಬಿಎಸ್ಆರ್ ಕಾಂಗ್ರೆಸ್‌ನಿಂದ ಗೆದ್ದರು. 2014ರಲ್ಲಿ ಸಂಸದರಾಗಿ ಹೋದಾಗ ಆ ಜಾಗಕ್ಕೆ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಬಂದರು. ಅವರು 2008ರಲ್ಲಿ ಮೊಳಕಾಲ್ಮುರು ಶಾಸಕರು. ಅತ್ತ ಕೂಡ್ಲಿಗಿಯಲ್ಲಿ ಬಿ. ನಾಗೇಂದ್ರ 2008ರಲ್ಲಿ ಬಿಜೆಪಿಯಿಂದ, 2013ರಲ್ಲಿ ಪಕ್ಷೇತರರಾಗಿ ಗೆದ್ದಿದ್ದರು.

2018 ಬಂತು. ನಾಗೇಂದ್ರ ಕಾಂಗ್ರೆಸ್ ಸೇರಿ ಬಳ್ಳಾರಿ ಗ್ರಾಮಾಂತರಕ್ಕೆ ಹೋದರು. ಅಲ್ಲಿದ್ದ ಗೋಪಾಲಕೃಷ್ಣ ಬಿಜೆಪಿ ಸೇರಿ ಕೂಡ್ಲಿಗಿಗೆ ಬಂದರು. ಇಬ್ಬರು ಶಾಸಕರು ಕ್ಷೇತ್ರವನ್ನೂ ಅದಲುಬದಲು ಮಾಡಿಕೊಂಡು, ಇಬ್ಬರೂ ಗೆದ್ದರು! ಅದೇ ಹೊತ್ತಿಗೆ ಶ್ರೀರಾಮುಲು ಬಿಜೆಪಿಯಿಂದ ಮೊಳಕಾಲ್ಮುರಿಗೆ ಬಂದರು, ಅಲ್ಲಿ ಶಾಸಕರಾಗಿದ್ದ ಎಸ್. ತಿಪ್ಪೇಸ್ವಾಮಿಯವರಿಗೆ ಟಿಕೆಟ್ ತಪ್ಪಿತು. ಶ್ರೀರಾಮುಲು ಬಾದಾಮಿಯಲ್ಲೂ ಸಿದ್ದರಾಮಯ್ಯನವರ ಎದುರು ನಿಂತು 1,696 ಮತದಿಂದ ಸೋತರು. ಮೊಳಕಾಲ್ಮುರಿನಲ್ಲಿ ಗೆದ್ದರು.

2023ರಲ್ಲಿ ಮತ್ತೆ ಚಕ್ರ ತಿರುಗಿತು. ಶ್ರೀರಾಮುಲು ಮೊಳಕಾಲ್ಮುರು ಬಿಟ್ಟು ಬಳ್ಳಾರಿ ಗ್ರಾಮಾಂತರಕ್ಕೆ ಹೋಗಿ ನಾಗೇಂದ್ರ ಎದುರು ಸೋತರು. ಗೋಪಾಲಕೃಷ್ಣ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಕಾಂಗ್ರೆಸ್‌ಗೆ ವಾಪಸ್ ಬಂದು, ಮೊಳಕಾಲ್ಮುರಿನಲ್ಲಿ ನಿಂತು ಗೆದ್ದರು. ಅವರ ಎದುರು ಬಿಜೆಪಿಯಿಂದ ನಿಂತವರು ಅದೇ ತಿಪ್ಪೇಸ್ವಾಮಿ.

ಇದನ್ನು ಕ್ಷೇತ್ರದ ಸಾಲಿನಲ್ಲಿ ಇಟ್ಟು ನೋಡಿ. ಪ್ರತಿ ಸಾಲಿನಲ್ಲೂ ಹೆಸರು ಬದಲಾಗುತ್ತದೆ, ಪಕ್ಷ ಬದಲಾಗುತ್ತದೆ, ಒಂದಕ್ಕೊಂದು ಸಂಬಂಧವೇ ಕಾಣಿಸುವುದಿಲ್ಲ. ಮೊಳಕಾಲ್ಮುರು ಸಾಲನ್ನು ಒಂದೇ ಓದಿದರೆ 2023ರ ಗೋಪಾಲಕೃಷ್ಣ ಆಕಾಶದಿಂದ ಬಿದ್ದ ಹಾಗೆ ಕಾಣುತ್ತಾರೆ.

ಅದಕ್ಕೇ ಗೋಡೆ ನಕ್ಷೆ ಮಾಡಿಸೋಣ, ಗುಂಡುಪಿನ್ನು ಚುಚ್ಚಿ ದಾರ ಎಳೆದು ನೋಡೋಣ ಅಂತ ಹೊರಟೆ. ಇಲ್ಲಿ ಫ್ಲೆಕ್ಸ್ ಅಂಗಡಿಯ ಪುರಾಣ ಹೇಳಲೇಬೇಕು. ಮುದ್ರಣವಾಗಿ ಬಂದ ನಕ್ಷೆಯಲ್ಲಿ ಒತ್ತಕ್ಷರಗಳೇ ಇಲ್ಲ. ಬಳ್ಳಾರಿ ಹೋಗಿ "ಬಳಳಾರಿ" ಆಗಿದೆ. ಕೂಡ್ಲಿಗಿ "ಕೂಡಲಿಗಿ". ಸಂಡೂರಿನ ಸೊನ್ನೆ ಪಕ್ಕದ ಕ್ಷೇತ್ರಕ್ಕೆ ಹಾರಿ ಕೂತಿದೆ.

"ಸಾರ್, ಯೂನಿಕೋಡ್ ನಮ್ ಸಿಸ್ಟಮ್ ತಗೊಳ್ಳಲ್ಲ. ನುಡಿಲಿ ಟೈಪ್ ಮಾಡ್ಕೊಂಡ್ ಬನ್ನಿ."

"ಪಿಡಿಎಫ್ ಕೊಟ್ಟಿದ್ದೀನಲ್ಲಪ್ಪ, ಅದನ್ನ ಹಂಗೇ ಪ್ರಿಂಟ್ ಹೊಡೀಬಹುದಿತ್ತಲ್ಲ?"

"ಸೈಜ್ ಮಾಡೋಕೆ ಓಪನ್ ಮಾಡ್ಲೇಬೇಕು ಸಾರ್. ಮಾಡಿದ್ರೆ ಹಿಂಗೇ ಬರೋದು."

ಹೀಗೆ ಹೇಳಿ ಪೂರ್ತಿ ದುಡ್ಡು ತಗೊಂಡರು. ಕನ್ನಡ ನಾಡಿನಲ್ಲಿ, ಕನ್ನಡದ ಬೋರ್ಡು ಮಾಡುವ ಅಂಗಡಿಯಲ್ಲಿ ಒತ್ತಕ್ಷರ ನಿಲ್ಲುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ. ಎರಡನೇ ಸಲ ಪಠ್ಯವನ್ನೆಲ್ಲ ಚಿತ್ರವಾಗಿ ಮಾಡಿ ಕೊಟ್ಟೆ. ಅಕ್ಷರ ಸರಿ ಬಂತು, ಆದರೆ ಪರಿಶಿಷ್ಟ ಪಂಗಡದ ಕ್ಷೇತ್ರಗಳಿಗೆ ಹಾಕಿದ್ದ ಬಣ್ಣವೂ ಪರಿಶಿಷ್ಟ ಜಾತಿಯ ಕ್ಷೇತ್ರಗಳ ಬಣ್ಣವೂ ಒಂದೇ ಆಗಿ ಬಂತು. ನಕ್ಷೆ ಮಾಡಿಸುವವರು ಬಣ್ಣದ ಒಂದು ತುಂಡನ್ನು ಮೊದಲು ಮುದ್ರಿಸಿ ತೋರಿಸಿ ಅಂತ ಕೂತು ಹಠ ಮಾಡಿ.

ಕೊನೆಗೆ ಆ ಬಣ್ಣವನ್ನು ಮಾರ್ಕರ್‌ನಲ್ಲಿ ನಾನೇ ತುಂಬುವಾಗಲೇ ಕಾರಣ ಕಣ್ಣಿಗೆ ಹೊಡೆಯಿತು. 2008ರ ಮರುವಿಂಗಡಣೆಗೆ ಮುಂಚೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದ ಮೀಸಲು ಕ್ಷೇತ್ರ ಎರಡೇ ಎರಡು. ಆಮೇಲೆ 15. ಅದರಲ್ಲಿ ಎಂಟು ಒಂದಕ್ಕೊಂದು ಅಂಟಿಕೊಂಡೇ ಇವೆ: ಸಿರುಗುಪ್ಪ, ಕಂಪ್ಲಿ, ಬಳ್ಳಾರಿ ಗ್ರಾಮಾಂತರ, ಸಂಡೂರು, ಕೂಡ್ಲಿಗಿ, ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ. ರಾಜ್ಯದ ಯಾವುದೇ ಕ್ಷೇತ್ರದ ಮತದಾರ ರಾಜ್ಯದ ಇನ್ಯಾವ ಕ್ಷೇತ್ರದಲ್ಲಾದರೂ ನಿಲ್ಲಬಹುದು, ಮೀಸಲು ಕ್ಷೇತ್ರಕ್ಕೆ ಆ ವರ್ಗದವರಾಗಿರಬೇಕು ಅಷ್ಟೆ. ಅಂದರೆ ಈ ಭಾಗದ ನಾಯಕರಿಗೆ ಇದು ಎಂಟು ಕೋಣೆಗಳ ಒಂದೇ ಅಂಗಳ. ಒಬ್ಬರು ಕದಲಿದರೆ ಮೂವರು ಕದಲಬೇಕು. ದಾರ ಎಳೆದ ಮೇಲೆ ಆ ಜಾಗ ಮೊಳಕಾಲ್ಮುರು ರೇಷ್ಮೆ ಸೀರೆಗೆ ಮಗ್ಗ ಹೂಡಿದಷ್ಟು ದಟ್ಟವಾಗಿತ್ತು.

ಆಗ ಶೀಟನ್ನೇ ತಿರುಗಿಸಿದೆ. ಸಾಲಿಗೆ ಕ್ಷೇತ್ರದ ಬದಲು ಮನುಷ್ಯನನ್ನು ಹಾಕಿ, ಕ್ಷೇತ್ರವನ್ನು ಕಾಲಂಗೆ ತಂದೆ. ಗೋಪಾಲಕೃಷ್ಣ: ಮೊಳಕಾಲ್ಮುರು, ಬಳ್ಳಾರಿ ಗ್ರಾಮಾಂತರ, ಕೂಡ್ಲಿಗಿ, ಮೊಳಕಾಲ್ಮುರು. ಶ್ರೀರಾಮುಲು: ಬಳ್ಳಾರಿ ಗ್ರಾಮಾಂತರ, ಮೊಳಕಾಲ್ಮುರು, ಬಳ್ಳಾರಿ ಗ್ರಾಮಾಂತರ. ತಿಪ್ಪೇಸ್ವಾಮಿ: ಮೊಳಕಾಲ್ಮುರು, ಒಂದು ಸಲ ಟಿಕೆಟ್ ಇಲ್ಲ, ಮೊಳಕಾಲ್ಮುರು. ನೋಡಿದಿರಾ? ಮೂವರೂ ಹಿಂದೆ ಗೆದ್ದ ಕ್ಷೇತ್ರಕ್ಕೆ ವಾಪಸ್ ಬಂದಿದ್ದಾರೆ. ಮೊದಲ ಇಬ್ಬರಂತೂ ಹೊಸ ಕ್ಷೇತ್ರದಲ್ಲಿ ಗೆದ್ದಿದ್ದರೂ ಬಂದಿದ್ದಾರೆ. ಮೊದಲು ಗೆದ್ದ ಕ್ಷೇತ್ರದ ಸೆಳೆತ ಗೆಲುವು ಸೋಲಿಗಿಂತ ಜಾಸ್ತಿ.

ಇದು ಬಳ್ಳಾರಿ ಕಡೆಗೆ ಮಾತ್ರವಾ ಅಂತ ನೋಡಲು ಮೈಸೂರಿಗೆ ಹೋದೆ. ಸಿದ್ದರಾಮಯ್ಯನವರು 2008, 2013ರಲ್ಲಿ ವರುಣಾ. 2018ರಲ್ಲಿ ಅದನ್ನು ಮಗ ಯತೀಂದ್ರ ಅವರಿಗೆ ಬಿಟ್ಟು ಚಾಮುಂಡೇಶ್ವರಿ ಮತ್ತು ಬಾದಾಮಿ. ಚಾಮುಂಡೇಶ್ವರಿ ಕೂಡ ಹಳೇ ಕ್ಷೇತ್ರವೇ. 2023ರ ಜನವರಿಯಲ್ಲಿ ಕೋಲಾರ ಅಂದರು, ಪತ್ರಿಕೆಗಳೆಲ್ಲ ಕೋಲಾರದ ಲೆಕ್ಕ ಹಾಕಿದವು. ಕೊನೆಗೆ ನಿಂತಿದ್ದು ವರುಣಾದಲ್ಲಿ. ನಿಯಮ ನಿಂತಿತು.

ವಿ. ಸೋಮಣ್ಣ ಮತ್ತು ಆರ್. ಅಶೋಕ ವಿಷಯದಲ್ಲಿ ನಿಲ್ಲಲಿಲ್ಲ. 2023ರಲ್ಲಿ ಸೋಮಣ್ಣ ಗೋವಿಂದರಾಜನಗರ ಬಿಟ್ಟು ವರುಣಾ, ಚಾಮರಾಜನಗರ ಎರಡರಲ್ಲೂ ನಿಂತು ಎರಡರಲ್ಲೂ ಸೋತರು. ಅಶೋಕ ಪದ್ಮನಾಭನಗರದ ಜೊತೆಗೆ ಕನಕಪುರದಲ್ಲೂ ನಿಂತರು. ಇಲ್ಲಿ ಹಳೇ ಕ್ಷೇತ್ರದ ಸೆಳೆತ ಇಲ್ಲ, ಪಕ್ಷದ ವರಿಷ್ಠರು ಎದುರಾಳಿ ನಾಯಕನನ್ನು ಕಟ್ಟಿಹಾಕಲು ಕಳಿಸಿದ್ದು. ಅದಕ್ಕೆ ಇನ್ನೊಂದು ಕಾಲಂ ಹಾಕಿದೆ: ತಾನೇ ಹೋದದ್ದೋ, ಕಳಿಸಿದ್ದೋ. ಈ ಒಂದು ಕಾಲಂ ಬಂದ ಮೇಲೆ ಶೀಟು ಮಾತಾಡತೊಡಗಿತು. ತಾವಾಗಿ ಹೋದವರಿಗೆ ಹಳೇ ಕ್ಷೇತ್ರದ ನಿಯಮ. ಕಳಿಸಿದವರಿಗೆ ಎದುರಾಳಿ ಎಲ್ಲಿ ನಿಲ್ಲುತ್ತಾರೆ ಅನ್ನುವುದು ಮೊದಲು ಗೊತ್ತಾಗಬೇಕು.

ಬಿಟ್ಟುಹೋದ ಜಾಗವನ್ನು ತುಂಬುವವರು ಯಾರು ಅನ್ನುವುದಕ್ಕೂ ಒಂದು ಕಾಲಂ ಇದೆ. 2024ರ ನವೆಂಬರ್ ಉಪಚುನಾವಣೆ ಅದಕ್ಕೆ ಒಳ್ಳೆ ಪರೀಕ್ಷೆ. ಸಂಡೂರು, ಶಿಗ್ಗಾಂವಿ, ಚನ್ನಪಟ್ಟಣ ಮೂರೂ ಶಾಸಕರು ಸಂಸದರಾಗಿ ಖಾಲಿಯಾದವು. ಸಂಡೂರಿನಲ್ಲಿ ತುಕಾರಾಂ ಅವರ ಪತ್ನಿ ಅನ್ನಪೂರ್ಣ, ಶಿಗ್ಗಾಂವಿಯಲ್ಲಿ ಬೊಮ್ಮಾಯಿಯವರ ಮಗ ಭರತ್, ಚನ್ನಪಟ್ಟಣದಲ್ಲಿ ಕುಮಾರಸ್ವಾಮಿಯವರ ಮಗ ನಿಖಿಲ್. ಮೂರಕ್ಕೆ ಮೂರೂ ಮನೆಯವರೇ. ಗೆದ್ದವರು ಅನ್ನಪೂರ್ಣ ಒಬ್ಬರೇ, ಆದರೆ ಟಿಕೆಟ್ ಲೆಕ್ಕಕ್ಕೆ ಅದು ಬೇಡ.

ಸಿಕ್ಕಿಕೊಂಡಿರುವ ಎಳೆ ನಾಗೇಂದ್ರ. ಎರಡು ಸಲ ಗೆದ್ದ ಕೂಡ್ಲಿಗಿಗೆ ಅವರು ವಾಪಸ್ ಬರಲಿಲ್ಲ. 2018ರಲ್ಲಿ ಹೋದ ಬಳ್ಳಾರಿ ಗ್ರಾಮಾಂತರದಲ್ಲೇ 2023ರಲ್ಲೂ ನಿಂತು ಗೆದ್ದರು. ಹಳೇ ಕ್ಷೇತ್ರದ ನಿಯಮಕ್ಕೆ ಇವರು ಬಗ್ಗುವುದಿಲ್ಲ. ಉತ್ತರ ಫಾರಂ 26ರಲ್ಲಿ, ಅಂದರೆ ಅಭ್ಯರ್ಥಿ ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ, ಇರಬಹುದು ಅಂತ ನನ್ನ ಅನುಮಾನ. ಆಸ್ತಿ, ಕೇಸು ನೋಡುವ ಭರದಲ್ಲಿ ನಾವೆಲ್ಲ ಮೊದಲ ಪುಟದ ಒಂದು ಸಾಲು ಹಾರಿಸಿಬಿಡುತ್ತೇವೆ. ಅಭ್ಯರ್ಥಿಯ ಸ್ವಂತ ಓಟು ಯಾವ ಕ್ಷೇತ್ರದ ಪಟ್ಟಿಯಲ್ಲಿದೆ, ಯಾವ ಭಾಗ, ಯಾವ ಕ್ರಮಸಂಖ್ಯೆ ಅಂತ ಅಲ್ಲೇ ಬರೆದಿರುತ್ತದೆ. ಸಿದ್ದರಾಮಯ್ಯನವರ ಊರು ಸಿದ್ದರಾಮನಹುಂಡಿ ಇರುವುದು ವರುಣಾದಲ್ಲಿ. ಹಾಗಾದರೆ ಎಳೆಯುವುದು ಗೆದ್ದ ಕ್ಷೇತ್ರವೋ, ಓಟು ಇರುವ ಕ್ಷೇತ್ರವೋ? ಎರಡೂ ಒಂದೇ ಆಗಿರುವವರಿಂದ ಏನೂ ತಿಳಿಯದು. ಬೇರೆ ಬೇರೆ ಇರುವವರನ್ನೇ ಹುಡುಕಬೇಕು. 15 ಪಂಗಡದ ಕ್ಷೇತ್ರಗಳ ಅಭ್ಯರ್ಥಿಗಳಿಂದ ಶುರು ಮಾಡಿದ್ದೇನೆ. ಸ್ಕ್ಯಾನ್ ಪ್ರತಿಗಳು ಮಸುಕು, ಕೆಲವು ಅಡ್ಡ ಮಲಗಿವೆ, ಕೈಬರಹದ ಅಂಕಿ 1 ಮತ್ತು 7 ಒಂದೇ ತರಹ. ನಿಮ್ಮಲ್ಲಿ ಯಾರಾದರೂ ಈ ಸಾಲನ್ನು ಆಗಲೇ ತೆಗೆದಿಟ್ಟಿದ್ದರೆ ದಯವಿಟ್ಟು ಕೊಡಿ.

ಈ ಕೆಲಸದ ಮಧ್ಯೆ ಮುಂದಿನ ನಕ್ಷೆ ತಲೆಗೆ ಬಂದು ಕೂತಿದೆ: ಎರಡು ಕಡೆ ನಿಂತವರು. ಈಗ ಒಬ್ಬರು ಹೆಚ್ಚೆಂದರೆ ಎರಡು ಕ್ಷೇತ್ರದಲ್ಲಿ ನಿಲ್ಲಬಹುದು, ಅದು 1996ರ ತಿದ್ದುಪಡಿ. ಅದಕ್ಕೂ ಮುಂಚೆ ಮಿತಿಯೇ ಇರಲಿಲ್ಲ. 1985ರಲ್ಲಿ ಎನ್.ಟಿ. ರಾಮರಾವ್ ಆಂಧ್ರದಲ್ಲಿ ಹಿಂದೂಪುರ, ಗುಡಿವಾಡ, ನಲ್ಗೊಂಡ ಮೂರರಲ್ಲೂ ನಿಂತು ಮೂರರಲ್ಲೂ ಗೆದ್ದರು. ಹಿಂದೂಪುರ ಅಂದರೆ ನಮ್ಮ ಗೌರಿಬಿದನೂರು ಪಕ್ಕದ್ದೇ. ನಮ್ಮಲ್ಲಿ 2018ರಲ್ಲಿ ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡನ್ನೂ ಗೆದ್ದು ರಾಮನಗರ ಬಿಟ್ಟರು, ಅಲ್ಲಿ ಪತ್ನಿ ಅನಿತಾ ಅವರು ಬಂದರು. ಯಾವುದನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಅನ್ನುವುದನ್ನೇ ಒಂದು ಕಾಲಂ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ? ಆದರೆ ಇದು ಮುಗಿಯುವ ತನಕ ಅದಕ್ಕೆ ಕೈ ಹಚ್ಚುವುದಿಲ್ಲ.

ಈಗಿನ ಊಹೆ, ಪೆನ್ಸಿಲ್‌ನಲ್ಲಿ ಬರೆದದ್ದು. ಶ್ರೀರಾಮುಲು ವಿಧಾನಸಭೆಗೆ ನಿಂತರೆ ಮೊದಲು ಬಳ್ಳಾರಿ ಗ್ರಾಮಾಂತರ, ಆಮೇಲೆ ಮೊಳಕಾಲ್ಮುರು. 2024ರಲ್ಲಿ ಲೋಕಸಭೆಗೆ ನಿಂತು ತುಕಾರಾಂ ಎದುರು ಸೋತಿದ್ದರಿಂದ ಸಂಡೂರಿನ ಹೆಸರೂ ಮಾತಿನಲ್ಲಿ ಬರಬಹುದು, ನಾನು ಅದನ್ನು ಮೂರನೆಯದಾಗಿ ಇಟ್ಟಿದ್ದೇನೆ. ಅವರು ಮೊಳಕಾಲ್ಮುರಿಗೆ ಬರದಿದ್ದರೆ ಅಲ್ಲಿ ಬಿಜೆಪಿಗೆ ಮತ್ತೆ ತಿಪ್ಪೇಸ್ವಾಮಿ. ಗೋಪಾಲಕೃಷ್ಣ ಕದಲಿದರೆ ಮಾತ್ರ ಕಾಂಗ್ರೆಸ್ ಕಡೆ ಜಾಗ ಖಾಲಿ, ಆಗ ಮನೆಯವರ ಕಾಲಂ ನೋಡಬೇಕು. ಕೂಡ್ಲಿಗಿಯಲ್ಲಿ ಕಾಂಗ್ರೆಸ್‌ಗೆ ಈಗಿನ ಶಾಸಕ ಡಾ. ಎನ್.ಟಿ. ಶ್ರೀನಿವಾಸ್. ಬಿಜೆಪಿಗೆ ಅಲ್ಲಿ ಇನ್ನೂ ಹೆಸರು ಬರೆದಿಲ್ಲ. ಬಳ್ಳಾರಿ ಗ್ರಾಮಾಂತರಕ್ಕೆ ಕಾಂಗ್ರೆಸ್‌ನಿಂದ ನಾಗೇಂದ್ರ ಅಂತ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದೇನೆ, ಫಾರಂ 26ರ ಸಾಲು ಕೈಗೆ ಬಂದ ಮೇಲೆ ಅದನ್ನು ಅಳಿಸುತ್ತೇನೆ ಅಥವಾ ಹೆಸರನ್ನೇ ಅಳಿಸುತ್ತೇನೆ.