ಟಾಪಿಕ್ ಕೊಡ್ರಿ ಮೇಡಂ

ನಾನು ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಬಾಟನಿ ಪಾಠ ಮಾಡುತ್ತೇನೆ. ಪ್ರಾಜೆಕ್ಟ್ ಸಮಯ ಬಂದಾಗ ಮಕ್ಕಳದು ಒಂದೇ ಮಾತು: "ಮೇಡಂ, ಒಂದು ಟಾಪಿಕ್ ಕೊಡ್ರಿ." ನಾನು ಕೊಡುವುದಿಲ್ಲ. ಆಗ ಅವರು ಹಳೆಯ ಬ್ಯಾಚಿನವರ ರಿಪೋರ್ಟು ತರುತ್ತಾರೆ. ಲೋಳೆಸರ, ತುಳಸಿ, ಬೇವು. ಉತ್ತರ ಮೊದಲೇ ಬರೆದಿಟ್ಟ ಪ್ರಶ್ನೆಗಳು.

ಇದೇ ಮಕ್ಕಳು ಊರಿಗೆ ಹೋಗುವ ದಾರಿಯ ಎರಡೂ ಕಡೆ ತೊಗರಿ ಹೊಲ. ಹೂ, ಕಾಯಿ ತುಂಬಿದ ಹಸಿರಿನ ನಡುನಡುವೆ ಒಣಗಿ ನಿಂತ ಗಿಡಗಳು. ಅದೇನು ಅಂತ ಕೇಳಿದರೆ "ನೆಟಿ ರೋಗ ರೀ" ಅಂತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ನನಗೆ ಅಲ್ಲಿಂದ ಶುರುವಾಗುತ್ತದೆ. ಎಲ್ಲರೂ ದಿನಾ ನೋಡುತ್ತಾರೆ, ಅದಕ್ಕೇ ಯಾರೂ ಬಗ್ಗಿ ನೋಡುವುದಿಲ್ಲ. ಕೆಲಸಕ್ಕೆ ಬರುವ ಪ್ರಶ್ನೆಗಳು ಜಾಸ್ತಿ ಇರುವುದು ಇಂಥ ಕಡೆಯೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆಳಂದ ಕಡೆ ನಮ್ಮ ಸೋದರಮಾವನ ಹೊಲವಿದೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಒಣಗಿದ ಗಿಡ ಕೀಳಿಸಿ, ಬುಡವನ್ನು ಉದ್ದಕ್ಕೆ ಸೀಳಿಸಿದೆ. ಒಳಗೆ ಕಂದುಗಪ್ಪು ಗೆರೆಗಳು. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರದ ಕೆಲಸ. ಮಣ್ಣಿನಿಂದ ಬೇರಿಗೆ ನುಗ್ಗಿ, ನೀರು ಮೇಲೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ನೆಲದಲ್ಲಿ ಹಸಿ ಇದ್ದರೂ ಗಿಡ ನೀರಿಲ್ಲದೆ ಸಾಯುತ್ತದೆ. ಒಬ್ಬ ಹುಡುಗ ಸುಮ್ನೆ ಕೇಳಿದ: "ಒಂದೇ ಹೊಲ, ಒಂದೇ ಬೀಜ. ಇದು ಸತ್ತದ. ಬಾಜೂದು ಯಾಕ ನಿಂತದ್ರೀ?"

ಈ ಪ್ರಶ್ನೆ ದೊಡ್ಡದು. ಇದರ ಬೆನ್ನು ಹತ್ತಿದವರಿಂದಲೇ ನಮ್ಮ ಭಾಗಕ್ಕೆ ನೆಟೆ ತಡೆಯುವ ತಳಿಗಳು ಬಂದವು. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದೆ. ತಳಿ ಆರಿಸಲು ಅಲ್ಲಿ ಬೇಕಂತಲೇ ರೋಗದ ಹೊಲ ಮಾಡಿದರು. ರೈತ ಸತ್ತ ಗಿಡವನ್ನು ಕಿತ್ತು ಆಚೆ ಹಾಕುತ್ತಾನೆ. ಇವರು ಅದನ್ನೇ ಕತ್ತರಿಸಿ ಮಣ್ಣಿಗೆ ಸೇರಿಸಿದರು, ಅದೇ ಜಾಗದಲ್ಲಿ ಮತ್ತೆ ಮತ್ತೆ ತೊಗರಿ ಬಿತ್ತಿದರು. ಅಷ್ಟೆಲ್ಲ ರೋಗದ ನಡುವೆಯೂ ಬದುಕಿದ ಗಿಡದ ಬೀಜ ಹಿಡಿದರು. 1980ರ ದಶಕದಲ್ಲಿ ಕರ್ನಾಟಕಕ್ಕೆ ಬಂದ ಮಾರುತಿ ತಳಿಯ ಹಿಂದೆ ಈ ಕೆಲಸವಿದೆ. ಆಮೇಲೆ ಟಿಎಸ್-3ಆರ್, ಜಿಆರ್‌ಜಿ-811 ಬಂದವು. ರೋಗವನ್ನು ಹೊಲದಲ್ಲಿ ಸಾಕುವುದು ಎಂದರೆ ಯಾರಿಗಾದರೂ ಹುಚ್ಚು ಅನ್ನಿಸುತ್ತದೆ, ಅಲ್ವಾ? ನನಗೆ ಅದು ತುಂಬಾ ಇಷ್ಟವಾದ ಧೈರ್ಯ.

ಆದರೆ ತಳಿಗೆ ಕಥೆ ಮುಗಿಯುವುದಿಲ್ಲ. 2022ರ ಕೊನೆಯಲ್ಲಿ ನೆಟೆ ನಮ್ಮ ಜಿಲ್ಲೆಯ ಎಷ್ಟೋ ಹೊಲಗಳನ್ನು ಒಣಗಿಸಿತು. ಈ ಶಿಲೀಂಧ್ರ ಹೊಲದಲ್ಲಿ ಉಳಿದ ಕಟ್ಟಿಗೆ, ಬೇರುಗಳಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ವರ್ಷ ವರ್ಷ ತೊಗರಿಯನ್ನೇ ಹಾಕಿದರೆ ಅದಕ್ಕೆ ಊಟ ಇಟ್ಟಂತೆಯೇ. ನಡುವೆ ಜೋಳ ಹಾಕಿದರೆ ನೆಟೆ ಕಡಿಮೆಯಾಗುತ್ತದೆ, ಇದು ಪ್ರಯೋಗಗಳಲ್ಲೂ ಕಂಡಿದೆ. ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲಿ ತೊಗರಿ, ಜೋಳ ಕೂಡಿಯೇ ಬಿತ್ತುತ್ತಿದ್ದರು. ಯಾಕೆ ಬಿಟ್ಟಿರಿ ಅಂತ ಮಾವನನ್ನು ಕೇಳಿದರೆ, "ರೊಕ್ಕ ಬರೋದು ತೊಗರಿಗೆ, ಜೋಳಕ್ಕೆ ಏನದವ್ವ?" ಅಂದರು. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಬೆಳೆ ಎಂಬ ಅಧಿಕೃತ ಗುರುತು, ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆದರೆ ಬೇರಿನಲ್ಲಿ ಶುರುವಾದ ಪ್ರಶ್ನೆ ನೋಡಿ, ಎಪಿಎಂಸಿ ಬಾಗಿಲಿಗೆ ಬಂದು ನಿಂತಿತು. ಪ್ರಶ್ನೆ ಹೀಗೆ ಜಾಗ ಬದಲಿಸಿದಾಗ ಅದರ ಹಿಂದೆ ಹೋಗಬೇಕು. ಇದು ನಮ್ಮ ಸಬ್ಜೆಕ್ಟ್ ಅಲ್ಲ ಎಂದು ಅಲ್ಲೇ ನಿಂತರೆ ಅದು ಅರ್ಧಕ್ಕೇ ಸಿಗುತ್ತದೆ.

ಮಾವ ಒಂದು ವರ್ಷ ಜೋಳ ಹಾಕಿಯೇಬಿಟ್ಟರು. "ಎಲ್ಲಾರೂ ತೊಗರಿ ಹಾಕ್ಯಾರ, ನಿಂದೇನೋ ಬ್ಯಾರೆ?" ಅಂದಿತು ಊರು. ತೆನೆ ಕಟ್ಟುವ ಹೊತ್ತಿಗೆ ಹಕ್ಕಿಗಳು ಬಂದವು. ಊರಲ್ಲಿ ಒಬ್ಬನದೇ ಜೋಳವಿದ್ದರೆ ಊರ ಹಕ್ಕಿಯೆಲ್ಲ ಅಲ್ಲಿಗೇ ಬರುತ್ತದೆ. ಬೇರೆ ದಾರಿ ಹಿಡಿಯಿರಿ ಎಂದು ಮಕ್ಕಳಿಗೆ ಹೇಳುವಾಗ ಈ ಹಕ್ಕಿಗಳ ವಿಷಯವನ್ನೂ ಹೇಳುತ್ತೇನೆ. ಮನೆಯಲ್ಲಿ ಪಿಡಿಒ ಪರೀಕ್ಷೆಗೆ ಓದು ಅನ್ನುತ್ತಾರೆ, ಆ ಚಿಂತೆ ಸುಳ್ಳಲ್ಲ. ಮಾವ ಮಾಡಿದ್ದು ಇಷ್ಟೇ: ಮರುವರ್ಷ ಬದುವಿನ ಆಚೆಯವರನ್ನೂ ಒಪ್ಪಿಸಿ, ಎಲ್ಲರೂ ಒಂದಿಷ್ಟು ಜೋಳ ಬಿತ್ತಿದರು. ಹಕ್ಕಿ ತಿಂದದ್ದು ಎಲ್ಲರಿಗೂ ಹಂಚಿಹೋಯಿತು.

ಈ ಸಲ ಜೇವರ್ಗಿ ಕಡೆಯ ಒಬ್ಬ ಹುಡುಗಿ ಟಾಪಿಕ್ ಕೇಳಲೇ ಇಲ್ಲ. ಅವಳ ಅವ್ವ ಕೂಲಿಗೆ ಕಳೆ ತೆಗೆಯಲು ಹೋಗುತ್ತಾರೆ. "ಗಿಡ ಬಾಡೋದು ಮೊದಲು ಕಾಣೋದು ಅವರಿಗೇರಿ. ಅವರನ್ನ ಯಾರೂ ಕೇಳಂಗಿಲ್ಲ" ಅಂದಳು. ಒಣಗಿದ್ದೆಲ್ಲ ಫ್ಯುಸೇರಿಯಂ ಅಲ್ಲ. ನೀರು ನಿಂತ ಕಡೆ ಬರುವ ಫೈಟಾಫ್ಥೊರಾ ಎಂಬ ರೋಗ ಬೇರೆ, ಬಿಸಿಲಿನ ಒಣ ನೆಲದಲ್ಲಿ ಬರುವ ಬೇರು ಕೊಳೆ ಬೇರೆ. ಯಾವ ಗಿಡ, ಯಾವ ಮಳೆಯಾದ ಮೇಲೆ, ಯಾವ ಕಡೆಯಿಂದ ಬಾಡಿತು ಎಂದು ಹೇಳುವವರಿದ್ದರೆ ಇವನ್ನು ಬೇರೆ ಮಾಡುವುದು ಎಷ್ಟೋ ಸುಲಭ. ಇದು ಬಾಟನಿ ಹೇಗಾಗುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಆಗುತ್ತದೆ ಎಂದೆ. ಹುಡುಗಿ ಈಗ ಹೊಲದ ನಕ್ಷೆ ಬರೆಯುತ್ತಿದ್ದಾಳೆ, ಅವಳ ಅವ್ವ ಮತ್ತು ಜೊತೆಯವರು ಬಾಡಿದ ಗಿಡ ಕಂಡ ಕಡೆ ಗುರುತು ಹಾಕಿಸುತ್ತಿದ್ದಾರೆ. ಮುಂದಿನ ವಾರ ಆ ಗಿಡಗಳನ್ನು ಸೀಳಿ ನೋಡಲು ಹೋಗುತ್ತೇವೆ.