ಪ್ರೆಡಿಕ್ಟೆಡ್ ಗ್ರೇಡ್ ಒಂದು ಜಾಸ್ತಿ ಹಾಕಿದರೇನು?

ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಇರಲಿ, ಯಾರದೋ ಮನೆಯ ಮದುವೆಯಲ್ಲಿ ಇರಲಿ, ನಾನು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದ) ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ ಎಂದು ತಿಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. "ಟೀಚರೇ, ಗ್ರೇಡ್ ನಿಮ್ಮ ಕೈಲೇ ಇದೆಯಲ್ಲ? 6ರ ಬದಲು 7 ಹಾಕಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಹೋಗುವುದು ಮಕ್ಕಳ ಗಂಟು. ಐಬಿಯಲ್ಲಿ ಒಂದು ವಿಷಯಕ್ಕೆ ಸಿಗುವ ಅತಿ ಹೆಚ್ಚಿನ ಗ್ರೇಡ್ 7. ನಮ್ಮ ಕೈಯಲ್ಲಿರುವುದು ಎರಡು: ಇಂಟರ್ನಲ್ ಅಂಕ ಮತ್ತು ಪರೀಕ್ಷೆಗೆ ಮೊದಲೇ ಕೊಡುವ ಪ್ರೆಡಿಕ್ಟೆಡ್ ಗ್ರೇಡ್.

ಮೊದಲು ಇಂಟರ್ನಲ್ ಅಂಕದ ವಿಷಯ. ಎಸ್‌ಎಸ್‌ಸಿ ಓದಿ ಬೆಳೆದ ನಮ್ಮವರಿಗೆ ಇಂಟರ್ನಲ್ ಅಂದರೆ ಶಾಲೆ ಪ್ರೀತಿಯಿಂದ ಕೊಡುವ ಅಂಕ. ಇಲ್ಲಿ ಹಾಗಲ್ಲ. ಪ್ರತಿ ವಿದ್ಯಾರ್ಥಿ ತನ್ನದೇ ಒಂದು ಪ್ರಶ್ನೆ ಹಿಡಿದು, ಪ್ರಯೋಗ ಮಾಡಿ, 3,000 ಪದ ಮೀರದಂತೆ ವರದಿ ಬರೆಯಬೇಕು. ಒಟ್ಟು 24 ಅಂಕ, ಕೊನೆಯ ಗ್ರೇಡಿನಲ್ಲಿ ಶೇ. 20 ಪಾಲು. ಒಬ್ಬ ಹುಡುಗ ನಿಂಬೆರಸ ಕುದಿಸಿ ವಿಟಮಿನ್ ಸಿ ಅಳೆದ ಎಂದುಕೊಳ್ಳಿ. ದ್ರವ ಅಳೆಯುವ ಗಾಜಿನ ಕೊಳವೆ ಬ್ಯೂರೆಟ್ ಓದುವಾಗ ಆಗಬಹುದಾದ ತಪ್ಪಿಗಿಂತಲೂ ಚಿಕ್ಕ ವ್ಯತ್ಯಾಸ ಸಿಕ್ಕಿದೆ. ಆದರೂ "ವಿಟಮಿನ್ ಕಡಿಮೆಯಾಯಿತು" ಎಂದು ಬರೆದಿದ್ದಾನೆ. ತೀರ್ಮಾನದ ಭಾಗಕ್ಕೆ 6ರಲ್ಲಿ ನಾನು 2 ಹಾಕುತ್ತೇನೆ, ಸಹೋದ್ಯೋಗಿ 4 ಹಾಕುತ್ತಾರೆ. ಇಬ್ಬರೂ ಮಾನದಂಡ ತೆರೆದಿಟ್ಟುಕೊಂಡು ವಾದ ಮಾಡುತ್ತೇವೆ. ಒಂದು ಅಂಕಕ್ಕೆ ಅರ್ಧ ಗಂಟೆ ಹಿಡಿಯುವುದೂ ಉಂಟು. ಈ ಕೆಲಸ ನನಗೆ ತುಂಬಾ ಇಷ್ಟ.

ಆಮೇಲೆ ಮಾಡರೇಷನ್. ಎಲ್ಲರ ಅಂಕ ಕಳಿಸಿದ ಮೇಲೆ, ಯಾರ ವರದಿ ನೋಡಬೇಕು ಎಂದು ಐಬಿಯೇ ಆರಿಸುತ್ತದೆ. ಹೊರಗಿನ ಮಾಡರೇಟರ್ ಅವನ್ನು ಮತ್ತೆ ಅಳೆಯುತ್ತಾರೆ. ನಮ್ಮ ಕೈ ಸಡಿಲ ಎಂದು ಕಂಡರೆ ಆ ಕೆಲವರದ್ದಷ್ಟೇ ಅಲ್ಲ, ಇಡೀ ಬ್ಯಾಚಿನ ಅಂಕ ಇಳಿಯಬಹುದು. ಕಷ್ಟಪಟ್ಟ ಹುಡುಗಿಗೂ ಪೆಟ್ಟು ಬೀಳುತ್ತದೆ. ಇದು ನ್ಯಾಯವಾ, ಹೇಳಿ?

ಪ್ರೆಡಿಕ್ಟೆಡ್ ಗ್ರೇಡ್ ಬೇರೆ. ಪರೀಕ್ಷೆಯಲ್ಲಿ ಈ ಮಗುವಿಗೆ ಏನು ಬಂದೀತು ಎಂದು ನಾವು ಕೊಡುವ ಅಂದಾಜು ಅದು. ಆಕ್ಸ್‌ಫರ್ಡ್, ಕೇಂಬ್ರಿಜ್ ಅಥವಾ ಬ್ರಿಟನ್ನಿನ ಮೆಡಿಕಲ್ ಸೀಟಿಗೆ ಅರ್ಜಿ ಅಕ್ಟೋಬರ್ ಮಧ್ಯದೊಳಗೆ ಹೋಗಬೇಕು. ಪರೀಕ್ಷೆ ಮೇ ತಿಂಗಳಲ್ಲಿ, ಫಲಿತಾಂಶ ಜುಲೈನಲ್ಲಿ. ಸಿಗುವ ಸೀಟು ಷರತ್ತಿನದು. ಐಬಿಯ ಒಟ್ಟು 45 ಅಂಕಕ್ಕೆ 38 ಬರಬೇಕು ಎಂದಿದ್ದು 35 ಬಂದರೆ ಸೀಟು ಕೈತಪ್ಪಬಹುದು. ಜುಲೈನಲ್ಲಿ ಬೇರೆ ದಾರಿ ಹುಡುಕುವುದು ಎಷ್ಟು ಕಷ್ಟ ಅಲ್ವಾ? ಹಾಗಂತ ಭಯಪಟ್ಟು ಕಡಿಮೆ ಹಾಕುವುದೂ ಅಷ್ಟೇ ಕೆಟ್ಟದ್ದು. 6 ಬರಬೇಕಾದ ಮಗುವಿಗೆ 5 ಕೊಟ್ಟರೆ ಅದು ಒಳ್ಳೆಯ ಕಡೆ ಅರ್ಜಿಯನ್ನೇ ಹಾಕುವುದಿಲ್ಲ.

2020ರಲ್ಲಿ ಕೋವಿಡ್‌ನಿಂದ ಮೇ ಪರೀಕ್ಷೆ ರದ್ದಾದಾಗ ಇದೇ ಅಂದಾಜು ಫಲಿತಾಂಶದ ಲೆಕ್ಕದೊಳಗೂ ಸೇರಿತು. ಜುಲೈ ಫಲಿತಾಂಶಕ್ಕೆ ಎಷ್ಟು ವಿರೋಧ ಬಂತೆಂದರೆ ಆಗಸ್ಟ್‌ನಲ್ಲಿ ಐಬಿ ಗ್ರೇಡ್‌ಗಳನ್ನು ತಿದ್ದಬೇಕಾಯಿತು. ಆ ಮೇಲಿಂದ "ಸುಮ್ನೆ ಒಂದು ನಂಬರ್ ತಾನೇ" ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಅಕ್ಟೋಬರ್‌ನಲ್ಲಿ ಬಂದು 7 ಕೇಳಬೇಡಿ. ಹನ್ನೊಂದನೇ ತರಗತಿ ಮುಗಿಯುವಾಗಲೇ ಬನ್ನಿ, ಮಗುವನ್ನೂ ಕರೆತನ್ನಿ. ಉತ್ತರ ಪತ್ರಿಕೆ ಮುಂದಿಟ್ಟುಕೊಂಡು ಅಂಕ ಎಲ್ಲಿ ಹೋಗುತ್ತಿದೆ ಎಂದು ಕೇಳಿ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.