ಬೊಂಡಾಸಿನ ಗಲಾಟೆಯಲ್ಲಿ ಮರೆತುಹೋದ ಪೇಪರ್ ಅಂಗಡಿ

'ವಾಚ್‌ಮೆನ್' ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಅದರ ಮೂಲ ಕಾಮಿಕ್ ಓದಿದವರು ಕೇಳುವ ಮೊದಲ ಪ್ರಶ್ನೆ ಒಂದೇ: ಸ್ಕ್ವಿಡ್ ಎಲ್ಲಿ? 2009ರ ಮಾರ್ಚ್ 6ರಂದು ಅಮೆರಿಕದಲ್ಲಿ ಚಿತ್ರ ತೆರೆಕಂಡಾಗ ಎದ್ದ ತಕರಾರು ಇದೇ. ಈಚೆಗೆ ಒಂದು ಭಾನುವಾರ ನಾವು ಕೆಲವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ರಿಮೋಟ್ ಕೈಗೆತ್ತಿಕೊಂಡು ಅದೇ ಚಿತ್ರದ ಅತಿ ಉದ್ದದ ಆವೃತ್ತಿ ನೋಡಿದಾಗಲೂ ಕೋಣೆಯಲ್ಲಿ ಎದ್ದ ಮಾತು ಅದೇ. ಕರಾವಳಿಯವರು ಬೊಂಡಾಸ್ ಎಂದು ಸುಕ್ಕ ಮಾಡಿ ತಿನ್ನುವ ಜೀವಿಗೆ ಇಷ್ಟೊಂದು ಜನ ಕಣ್ಣೀರಿಡುವುದು ಬೇರೆಲ್ಲೂ ಇರಲಾರದು.

ಓದದವರಿಗೆ ಒಂದಿಷ್ಟು ಹಿನ್ನೆಲೆ. ಅಲನ್ ಮೂರ್ ಬರೆದು, ಡೇವ್ ಗಿಬ್ಬನ್ಸ್ ಚಿತ್ರ ಬಿಡಿಸಿ, ಜಾನ್ ಹಿಗ್ಗಿನ್ಸ್ ಬಣ್ಣ ಹಚ್ಚಿದ ಈ ಕಾಮಿಕ್ಕನ್ನು ಡಿಸಿ ಸಂಸ್ಥೆ 1986–87ರಲ್ಲಿ 12 ಸಂಚಿಕೆಗಳಲ್ಲಿ ಹೊರತಂದಿತು. ಕೊನೆಯಲ್ಲಿ ಓಝಿಮ್ಯಾಂಡಿಯಸ್ ಎಂಬ ಮಾಜಿ ಹೀರೋ ಪ್ರಯೋಗಾಲಯದಲ್ಲಿ ತಯಾರಿಸಿದ, ಸ್ಕ್ವಿಡ್ಡಿನಂಥ ದೈತ್ಯ ಜೀವಿಯೊಂದನ್ನು ನ್ಯೂಯಾರ್ಕಿನ ನಡುವೆ ತಂದು ಕೆಡವುತ್ತಾನೆ. ಅದು ಸಾಯುತ್ತ ಹೊರಡಿಸುವ ಮಾನಸಿಕ ಅಲೆಗೆ ಮೂವತ್ತು ಲಕ್ಷ ಜನ ಬಲಿ. ಬೇರೆ ಲೋಕದವರು ದಾಳಿ ಮಾಡಿದರೆಂದು ಬೆದರಿ ಅಮೆರಿಕ, ಸೋವಿಯತ್ ಎರಡೂ ಅಣುಯುದ್ಧ ಕೈಬಿಡುತ್ತವೆ. ಸಿನಿಮಾದಲ್ಲಿ ಜೀವಿಯೇ ಇಲ್ಲ. ಅಮೆರಿಕದ ಪರ ನಿಂತ ಅತಿಮಾನವ ಡಾ. ಮ್ಯಾನ್‌ಹಟನ್‌ನ ಶಕ್ತಿಯನ್ನು ನಕಲು ಮಾಡಿದ ಯಂತ್ರಗಳು ಲೋಕದ ಹಲವು ನಗರಗಳನ್ನು ಸ್ಫೋಟಿಸುತ್ತವೆ, ತಪ್ಪು ಅವನ ತಲೆಗೆ ಬರುತ್ತದೆ. ಆ ಯಂತ್ರದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಸ್ಕ್ವಿಡ್' ಎಂದೇ ಆಗುತ್ತದೆ. ಅಭಿಮಾನಿಗಳನ್ನು ಸಮಾಧಾನಪಡಿಸಲು ಇಟ್ಟದ್ದೋ, ಕೆಣಕಲು ಇಟ್ಟದ್ದೋ!

ನನ್ನ ಮಟ್ಟಿಗೆ ಈ ಬದಲಾವಣೆ ಕೆಟ್ಟದ್ದಲ್ಲ. ಕಾಮಿಕ್ಕಿನಲ್ಲಿ ಸ್ಕ್ವಿಡ್ ನಂಬಿಕೆ ಹುಟ್ಟಿಸಲು ಏನೇನು ಬೇಕಾಯಿತು ನೋಡಿ. ಕಾಣೆಯಾದ ಲೇಖಕ, ಕಾಣೆಯಾದ ಕಲಾವಿದರು, ಅವರನ್ನು ಸೇರಿಸಿದ ಒಂದು ದ್ವೀಪ, ಸತ್ತ ಅತೀಂದ್ರಿಯ ಶಕ್ತಿಯವನೊಬ್ಬನ ಮೆದುಳು, ವಸ್ತುವನ್ನು ಇಲ್ಲಿಂದ ಅಲ್ಲಿಗೆ ರವಾನಿಸುವ ತಂತ್ರ. ಇವೆಲ್ಲ ಹಿನ್ನೆಲೆಯ ಪತ್ರಿಕೆ ತಲೆಬರಹಗಳಲ್ಲಿ, ಸಂಚಿಕೆಯ ಕೊನೆಯ ಗದ್ಯಪುಟಗಳಲ್ಲಿ ತುಸುತುಸುವೇ ಬಂದಿರುತ್ತವೆ. ಸಿನಿಮಾದಲ್ಲಿ ಇದಕ್ಕೆ ಜಾಗ ಮಾಡಬೇಕೆಂದರೆ ಅರ್ಧ ಗಂಟೆ ಬೇಕು. ಮ್ಯಾನ್‌ಹಟನ್ ಆದರೋ ಮೊದಲಿನಿಂದ ತೆರೆಯ ಮೇಲಿದ್ದಾನೆ. ಎದುರು ವಾದವೂ ಗಟ್ಟಿಯೇ: ಅವನು ಅಮೆರಿಕದ ಅಸ್ತ್ರ; ಮಾಸ್ಕೋ ಸುಟ್ಟರೆ ರಷ್ಯಾದವರು ಅಮೆರಿಕವನ್ನು ಯಾಕೆ ತಬ್ಬಿಕೊಳ್ಳುತ್ತಾರೆ? ಅಮೆರಿಕದ ನಗರಗಳೂ ಸುಟ್ಟವು ಎಂಬುದು ಚಿತ್ರದ ಉತ್ತರ. ಒಪ್ಪುವವರು ಒಪ್ಪಬಹುದು.

ಆದರೆ ಪುಸ್ತಕ ತೆರೆದಿಟ್ಟುಕೊಂಡು ನೋಡಿದರೆ ನಿಜವಾದ ನಷ್ಟ ಬೇರೆಡೆ ಕಾಣುತ್ತದೆ. 11ನೇ ಸಂಚಿಕೆಯ ಬೀದಿ ಮೂಲೆಗೆ ಹೋಗಿ. ಪೇಪರ್ ಮಾರುವ ಮುದುಕ, ಅವನ ಅಂಗಡಿಗೆ ಒರಗಿ ದುಡ್ಡು ಕೊಡದೆ ಕಾಮಿಕ್ ಓದುವ ಹುಡುಗ, ಟ್ಯಾಕ್ಸಿ ಓಡಿಸುವ ಹೆಂಗಸು, ಅವಳ ಗೆಳತಿ, ರೋರ್‌ಶಾಕ್ ಎಂಬ ಮುಖವಾಡದ ಹೀರೋನನ್ನು ಪರೀಕ್ಷಿಸಿದ ಮನೋವೈದ್ಯ, ಅವನ ಮೇಲೆ ಮುನಿದ ಹೆಂಡತಿ. ಇವರನ್ನೆಲ್ಲ ನಾವು ಸಂಚಿಕೆಯಿಂದ ಸಂಚಿಕೆಗೆ ನೋಡುತ್ತ ಬಂದಿದ್ದೇವೆ. ಬೀದಿಯಲ್ಲಿ ಜಗಳ ಹತ್ತುತ್ತದೆ, ಬಿಡಿಸಲು ಒಬ್ಬೊಬ್ಬರೇ ಮುಂದೆ ಬರುತ್ತಾರೆ, ಅಷ್ಟರಲ್ಲಿ ಬೆಳಕು. ಮುದುಕ ಹುಡುಗನ ಮೇಲೆ ಕವಿದುಕೊಳ್ಳುತ್ತಾನೆ, ಇಬ್ಬರ ಆಕಾರವೂ ಬಿಳಿಯಲ್ಲಿ ಕರಗುತ್ತದೆ. 12ನೇ ಸಂಚಿಕೆ ತೆರೆದರೆ ಸಾಲಾಗಿ ಆರು ಪುಟ, ಪುಟಕ್ಕೊಂದೇ ಚಿತ್ರ, ಹೆಣಗಳು. ಅಲ್ಲಿಯವರೆಗೆ ಪುಟಕ್ಕೆ ಒಂಬತ್ತು ಚೌಕದ ಲೆಕ್ಕಕ್ಕೆ ಒಗ್ಗಿದ ಕಣ್ಣಿಗೆ ಆ ದೊಡ್ಡ ಚಿತ್ರ ಕಪಾಳಕ್ಕೆ ಹೊಡೆದಂತೆ ತಾಗುತ್ತದೆ. ಚಿತ್ರಮಂದಿರದ ಆವೃತ್ತಿಯಲ್ಲಿ ಮುದುಕ, ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತಾರೆ. ಪರಿಚಯವೇ ಇಲ್ಲದವರು ಸತ್ತರೆ ಸ್ಕ್ವಿಡ್ಡಿನಿಂದ ಸತ್ತರೇನು, ಯಂತ್ರದಿಂದ ಸತ್ತರೇನು?

ಇಲ್ಲಿ ಆವೃತ್ತಿಗಳ ವಿಷಯ ಬರುತ್ತದೆ. ಚಿತ್ರಮಂದಿರಕ್ಕೆ ಬಂದದ್ದು 162 ನಿಮಿಷ. ನಿರ್ದೇಶಕ ಝಾಕ್ ಸ್ನೈಡರ್ ಅವರ ಆವೃತ್ತಿ 186 ನಿಮಿಷ. ನೈಟ್ ಔಲ್ ಎಂಬ ಹೆಸರಿನ ಹಳೆಯ ಹೀರೋ ಹಾಲಿಸ್ ಮೇಸನ್‌ನ ಸಾವು ಸಿಗುವುದು ಇದರಲ್ಲಿ. ಮೂರನೆಯದು 215 ನಿಮಿಷ. ಹುಡುಗ ಓದುವ ಕಡಲ್ಗಳ್ಳರ ಕಥೆಯನ್ನು ಅನಿಮೇಷನ್ ಮಾಡಿ ಅದರಲ್ಲಿ ಅಲ್ಲಲ್ಲಿ ಹೊಲಿದಿದ್ದಾರೆ, ಪೇಪರ್ ಅಂಗಡಿಯೂ ಹೆಚ್ಚು ಕಾಣುತ್ತದೆ. ಕಾಗದದ ಮೇಲೆ ಇದೇ ಎಲ್ಲರ ಆಸೆ. ನೋಡಲು ಕೂತರೆ ಓಟ ಮುಗ್ಗರಿಸುತ್ತದೆ. ಕಾರಣ ತಿಳಿಯಬೇಕಾದರೆ 3ನೇ ಸಂಚಿಕೆಯ ಮೊದಲ ಪುಟ ನೋಡಬೇಕು. ಅಣುದಾಳಿಯಾದರೆ ಅಡಗಿಕೊಳ್ಳುವ ನೆಲೆಯ ಫಲಕ ಹತ್ತಿರದಿಂದ ಕಾಣುತ್ತದೆ, ಹಳದಿಯ ಮೇಲೆ ಕಪ್ಪು ಗುರುತು. ಅದರ ಮೇಲೇ ಕಡಲ್ಗಳ್ಳರ ಕಥೆಯ ಸಾಲು: ಹಳದಿ ಆಕಾಶದೆದುರು ಕಪ್ಪು ಹಾಯಿ. ಪಕ್ಕದಲ್ಲಿ ಮುದುಕನ ಯುದ್ಧದ ಹರಟೆ. ಮೂರೂ ಒಂದೇ ಚೌಕದಲ್ಲಿ, ಒಂದೇ ನೋಟಕ್ಕೆ. ಸಿನಿಮಾದಲ್ಲಿ ಬೀದಿ ನಿಂತ ಮೇಲೆ ಹಡಗು, ಹಡಗು ನಿಂತ ಮೇಲೆ ಬೀದಿ. ಒಂದರ ಹಿಂದೊಂದು ಬಂದರೆ ಅದು ಇಂಟರ್‌ವಲ್ ಆಗುತ್ತದೆ, ಜೋಡಿ ಆಗುವುದಿಲ್ಲ.

ಭಾನುವಾರ ಹೆಚ್ಚು ಸಲ ಪಾಜ್ ಒತ್ತಿದ್ದು ಹೊಡೆದಾಟಗಳಲ್ಲಿ. ಕಾಮಿಕ್ಕಿನಲ್ಲಿ ಕಾಮಿಡಿಯನ್ ಎಂಬ ಹೀರೋನ ಕೊಲೆ, ಪತ್ತೇದಾರರ ಮಾತಿನ ನಡುವೆ ಬಂದುಹೋಗುವ ಕೆಲವು ಕೆಂಪು ಚೌಕಗಳು. ಸಿನಿಮಾದಲ್ಲಿ ಗೋಡೆ ಒಡೆಯುವ ಪೂರ್ತಿ ಕಾಳಗ. ಮುಖವಾಡ ಹಾಕಿದ ಮಾಮೂಲಿ ಮನುಷ್ಯರು, ವಯಸ್ಸಾದವರು ಎಂಬುದು ಕಥೆಯ ಬೇರು. ಗುದ್ದಿಗೆ ಕಲ್ಲು ಪುಡಿಯಾದರೆ ಆ ಬೇರೇ ಕಿತ್ತಂತೆ. ರೋರ್‌ಶಾಕ್ ಮಗುವಿನ ಕೊಲೆಗಾರನನ್ನು ಶಿಕ್ಷಿಸುವುದೂ ಹಾಗೇ. ಪುಸ್ತಕದಲ್ಲಿ ಅವನನ್ನು ಬೇಡಿ ಹಾಕಿ ಕಟ್ಟಿ, ಕೈ ಕೊಯ್ದುಕೊಂಡು ಪಾರಾಗಲೆಂದು ಗರಗಸ ಇಟ್ಟು, ಮನೆಗೆ ಬೆಂಕಿಯಿಟ್ಟು ಹೊರಗೆ ನಿಂತು ನೋಡುತ್ತಾನೆ. ಸಿನಿಮಾದಲ್ಲಿ ಕತ್ತಿಯಿಂದ ತಲೆಗೆ ಹೊಡೆಯುತ್ತಾನೆ. 2004ರಿಂದ 'ಸಾ' ಎಂಬ ಹಾರರ್ ಸಿನಿಮಾ ಸರಣಿ ನೋಡಿದ್ದ ಪ್ರೇಕ್ಷಕರಿಗೆ ಗರಗಸ ನಕಲಿನಂತೆ ಕಾಣುತ್ತಿತ್ತು, ಅದನ್ನು ಒಪ್ಪೋಣ. ಆದರೆ ನಿಂತು ನೋಡುವವನು ಬೇರೆ, ಕೆರಳಿ ಕೊಚ್ಚುವವನು ಬೇರೆ. ಹಾಗಿದ್ದೂ ಆ ಪಾತ್ರದ ಜಾಕಿ ಅರ್ಲ್ ಹೇಲಿ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಬಾಬ್ ಡಿಲನ್ ಹಾಡಿನ ಮೇಲೆ ಸಾಗುವ ಟೈಟಲ್ ಭಾಗ ಎಲ್ಲರಿಗೂ ಇಷ್ಟ. ಗೂಬೆಯಾಕಾರದ ಹಾರುವ ಹಡಗಿನೊಳಗಿನ ಪ್ರಣಯಕ್ಕೆ ಲೆನರ್ಡ್ ಕೋಹೆನ್ ಹಾಡು ಹಾಕಿದ್ದು ಅಂದಿನಿಂದ ಇಂದಿನವರೆಗೂ ನಗೆಪಾಟಲೇ.

ಆ ಕಾಲದ ಗಲ್ಲಾಪೆಟ್ಟಿಗೆ ಲೆಕ್ಕವನ್ನೂ ನೋಡಿ. ಅಮೆರಿಕದಲ್ಲಿ ಮೊದಲ ವಾರಾಂತ್ಯ ಐದೂವರೆ ಕೋಟಿ ಡಾಲರ್, ಎರಡನೆಯದಕ್ಕೆ ಎರಡು ಕೋಟಿಯೂ ಇಲ್ಲ. ಓದಿದವರು ಮೊದಲ ಮೂರು ದಿನದಲ್ಲೇ ನೋಡಿ ಮುಗಿಸಿದರು, ಓದದವರು ಬರಲಿಲ್ಲ. ಚಿತ್ರಕಥೆ ಬರೆದವರಲ್ಲೊಬ್ಬರಾದ ಡೇವಿಡ್ ಹೇಟರ್, ಮುಂದಿನ ವಾರವೂ ಹೋಗಿ ನೋಡಿ ಎಂದು ಅಭಿಮಾನಿಗಳಿಗೆ ಬಹಿರಂಗ ಪತ್ರವನ್ನೇ ಬರೆದರು. ಮೂರ್ ಅಂತೂ ತಮ್ಮ ಹೆಸರೇ ಬೇಡವೆಂದಿದ್ದರು. ಟೈಟಲ್ ಕಾರ್ಡಿನಲ್ಲಿ ಗಿಬ್ಬನ್ಸ್ ಹೆಸರೊಂದೇ ಇದೆ.

2019ರಲ್ಲಿ ಎಚ್‌ಬಿಒ ಟಿವಿ ವಾಹಿನಿ ಒಂಬತ್ತು ಕಂತುಗಳಲ್ಲಿ ಕಥೆಯನ್ನು ಮುಂದುವರಿಸಿದಾಗ ಸ್ಕ್ವಿಡ್ ಮರಳಿತು. ಐದನೇ ಕಂತಿನ ಆರಂಭದಲ್ಲಿ 1985ರ ಆ ರಾತ್ರಿ, ಹೊಬೋಕನ್‌ನ ಜಾತ್ರೆಯಂಥ ಮೈದಾನ. ಜೀವಿಯನ್ನು ತೋರಿಸುವ ಮೊದಲು ಕ್ಯಾಮೆರಾ ಒಬ್ಬ ಹುಡುಗನ ಹಿಂದೆಯೇ ಓಡಾಡುತ್ತದೆ. ಅವನ ಭಯ, ಅವನಿಗಾದ ಅವಮಾನ, ಕನ್ನಡಿಗಳ ಕೋಣೆ, ಆಮೇಲೆ ಸದ್ದು. ಅವನು ಹೊರಗೆ ಬಂದು ನೋಡಿದಾಗ ನಾವೂ ಅವನ ಕಣ್ಣಿನಿಂದಲೇ ನೋಡುತ್ತೇವೆ. ಹತ್ತು ವರ್ಷದ ಹಿಂದೆ ಸ್ಕ್ವಿಡ್ ಬೇಕೆಂದು ಕೂಗಿದವರಿಗೆ ಬೇಕಿದ್ದದ್ದು ಬಹುಶಃ ಇಂಥ ಹುಡುಗನೊಬ್ಬ.

ಹೊಸಬರು ನೋಡುವುದಾದರೆ 186 ನಿಮಿಷದ್ದನ್ನೇ ಹಾಕಿಕೊಳ್ಳಿ. 3 ಮತ್ತು 11ನೇ ಸಂಚಿಕೆಗಳನ್ನು ಮೊದಲೇ ಓದಿ. ಕಡಲ್ಗಳ್ಳರ ಅನಿಮೇಷನ್ ಬೇಕೇ ಬೇಕೆಂದರೆ ಅದು ಬಿಡಿಯಾಗಿಯೂ ಸಿಗುತ್ತದೆ, ಬೇರೆ ದಿನ ನೋಡಿದರಾಯಿತು.